ಊರು ಬಿಡದ ತಂಡ

2025ರ ಆಗಸ್ಟ್ 23ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು ಎದುರುಬದುರಾದವು. ಒಂದು ಕ್ಯಾನ್ಸಸ್ ಸ್ಟೇಟ್, ಇನ್ನೊಂದು ಅಯೋವಾ ಸ್ಟೇಟ್. ಎರಡೂ ರೈತಾಪಿ ಮಕ್ಕಳಿಗೆ ಓದು ಕೊಡಲೆಂದು ಹುಟ್ಟಿದ ಸಂಸ್ಥೆಗಳು. ಆದ್ದರಿಂದಲೇ ಇವುಗಳ ಹಳೆಯ ಜಿದ್ದಿಗೆ ಅಲ್ಲಿನವರು ‘ಫಾರ್ಮಗೆಡನ್’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಆಟವೂ ನಮಗೆ ಗೊತ್ತಿರುವ ಕಾಲ್ಚೆಂಡಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಸೀಳಿ ನುಗ್ಗುವ ಅಮೆರಿಕನ್ ಫುಟ್‌ಬಾಲ್. ಅಯೋವಾ ಸ್ಟೇಟ್ 24–21ರಿಂದ ಗೆದ್ದಿತು. ಬಹುಪಾಲು ಐರಿಷರಿಗೆ ಈ ಆಟ ಹೊರಗಿನದು. ಆದರೂ ಪಂದ್ಯ ಅಲ್ಲಿ ನಡೆಯಿತು, ಏಕೆಂದರೆ ಅಟ್ಲಾಂಟಿಕ್ ಸಾಗರ ದಾಟಿ ಬರಲು ಸಾವಿರಾರು ಜನ ತಯಾರಿದ್ದರು. ಹಾಗೆ ಬಂದವರಲ್ಲಿ ಕ್ಯಾನ್ಸಸ್ ಸ್ಟೇಟಿನ ನೇರಳೆ ಬಣ್ಣದವರನ್ನು ಕಂಡರೆ ನೇರಳೆಯವರು, ಅಯೋವಾ ಸ್ಟೇಟಿನ ಕೆಂಪು–ಹಳದಿಯವರನ್ನು ಕಂಡರೆ ಕೆಂಪು–ಹಳದಿಯವರು ಗುರುತಿಲ್ಲದಿದ್ದರೂ ನಿಂತು ಮಾತಾಡಿಸುತ್ತಾರೆ. ಅದೇ ಇಬ್ಬರು ತಮ್ಮೂರಿನ ಅಂಗಡಿಯಲ್ಲಿ ಎದುರಾಗಿದ್ದರೆ ಒಬ್ಬರನ್ನೊಬ್ಬರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪರಸ್ಥಳದಲ್ಲಿ ಒಂದು ತಂಡದ ಅಂಗಿಗೆ ಈ ಬಲ ಎಲ್ಲಿಂದ ಬರುತ್ತದೆ, ಆ ಬಲ ನಮ್ಮ ವಿಶ್ವವಿದ್ಯಾಲಯಗಳ ಹೆಸರಿಗೆ ಏಕೆ ಬಂದಿಲ್ಲ ಎಂಬುದು ಈ ಬರಹದ ಪ್ರಶ್ನೆ. ಇದನ್ನು ಕೇಳಲು ಡಬ್ಲಿನ್‌ಗಿಂತ ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಪಟಾನ್‌ಚೆರು ಹೆಚ್ಚು ತಕ್ಕ ಜಾಗ.

ಏಕೆಂದರೆ ಆ ಮೈದಾನದಲ್ಲಿ ಸೋತ ಕ್ಯಾನ್ಸಸ್ ಸ್ಟೇಟ್‌ಗೂ ಹೈದರಾಬಾದಿಗೂ ಹಳೆಯ ನಂಟಿದೆ. 1862ರ ಮೊರಿಲ್ ಕಾಯ್ದೆಯ ಪ್ರಕಾರ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ತೆರೆಯಲು ಹೇಳಿತು. ಕಾಯ್ದೆಯನ್ನು ಮೊದಲು ಒಪ್ಪಿದ ರಾಜ್ಯ ಅಯೋವಾ. ಕ್ಯಾನ್ಸಸ್ ಸ್ಟೇಟ್ ಹುಟ್ಟಿದ್ದು ಮರುವರ್ಷ, 1863ರಲ್ಲಿ. ನೂರು ವರ್ಷದ ನಂತರ ಭಾರತ ತನ್ನ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಹೊರಟಾಗ ಎದುರಿಗಿಟ್ಟುಕೊಂಡ ಮಾದರಿ ಇದೇ. 1960ರಲ್ಲಿ ಶುರುವಾದ ಪಂತನಗರಕ್ಕೆ ಇಲಿನಾಯ್ ನೆರವಾಯಿತು, ಲೂಧಿಯಾನಕ್ಕೆ ಒಹಾಯೊ ಸ್ಟೇಟ್, 1964ರಲ್ಲಿ ಹೈದರಾಬಾದಿನ ರಾಜೇಂದ್ರನಗರದಲ್ಲಿ ಹುಟ್ಟಿದ ಆಂಧ್ರಪ್ರದೇಶ ಕೃಷಿ ವಿಶ್ವವಿದ್ಯಾಲಯಕ್ಕೆ ಕ್ಯಾನ್ಸಸ್ ಸ್ಟೇಟ್, ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೆ.ಸಿ. ನಾಯಕ್ ಅವರು ಮೊದಲ ಕುಲಪತಿಯಾಗಿ ಕಟ್ಟಿದ ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸಿ. ಈ ವಿಶ್ವವಿದ್ಯಾಲಯಗಳ ಕಾನೂನು ಹೇಗಿರಬೇಕೆಂದು ಸಲಹೆ ಕೊಟ್ಟ 1962ರ ಸಮಿತಿಗೆ ಅಧ್ಯಕ್ಷರಾಗಿದ್ದವರು ರಾಲ್ಫ್ ಕಮಿಂಗ್ಸ್. ಹತ್ತು ವರ್ಷದ ಬಳಿಕ, 1972ರಲ್ಲಿ, ಪಟಾನ್‌ಚೆರುವಿನಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾಗಿ ಬಂದವರೂ ಅವರೇ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ: ಇಕ್ರಿಸಾಟ್ ಕೈಗೆತ್ತಿಕೊಂಡ ಈ ಐದೂ ನಮ್ಮ ಕಲ್ಯಾಣ ಕರ್ನಾಟಕದ ಹೊಲದ ಬೆಳೆಗಳು. ಸೊರಗುರೋಗ ತಡೆಯುವ ‘ಮಾರುತಿ’ ತೊಗರಿ ಅಲ್ಲಿಂದ ಹೊರಟು 1986ರಲ್ಲಿ ಕರ್ನಾಟಕದ ರೈತರ ಕೈ ಸೇರಿತು.

ಅಮೆರಿಕದ ಮಾದರಿಯಲ್ಲಿ ಮೂರು ಅಂಗಗಳಿವೆ ಎಂದು ನಮ್ಮ ಕೃಷಿ ಪದವೀಧರರೆಲ್ಲ ಬಾಯಿಪಾಠ ಮಾಡಿರುತ್ತಾರೆ: ಬೋಧನೆ, ಸಂಶೋಧನೆ, ವಿಸ್ತರಣೆ. ಮೂರನ್ನೂ ನಾವು ತಂದೆವು. ನಾಲ್ಕನೆಯದೊಂದು ಇತ್ತು, ಅದು ಯಾವ ವರದಿಯಲ್ಲೂ ಬರೆದಿರಲಿಲ್ಲವಾದ್ದರಿಂದ ಹಡಗು ಹತ್ತಲೇ ಇಲ್ಲ. ಅದು ಶನಿವಾರದ ಫುಟ್‌ಬಾಲ್. ಹೆಬ್ಬಾಳಕ್ಕೆ ತಜ್ಞರನ್ನು ಕಳಿಸಿದ ಟೆನೆಸಿ ವಿಶ್ವವಿದ್ಯಾಲಯದ ನೇಲ್ಯಾಂಡ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ನೆಬ್ರಾಸ್ಕ ರಾಜ್ಯದ ಒಟ್ಟು ಜನಸಂಖ್ಯೆ ಸುಮಾರು 20 ಲಕ್ಷ. ಅಲ್ಲಿನ ವಿಶ್ವವಿದ್ಯಾಲಯದ ಪಂದ್ಯಗಳ ಟಿಕೆಟ್ 1962ರಿಂದ ಒಂದಾದಮೇಲೊಂದು ಪೂರ್ತಿ ಮಾರಾಟವಾಗುತ್ತಾ ಬಂದಿದೆ, ಪಂದ್ಯದ ದಿನ ಆ ಕ್ರೀಡಾಂಗಣವೇ ರಾಜ್ಯದ ಮೂರನೆಯ ದೊಡ್ಡ ಊರು. ಅಷ್ಟು ಜನರೂ ಆ ವಿಶ್ವವಿದ್ಯಾಲಯದಲ್ಲಿ ಓದಿದವರಾಗಿರಲು ಸಾಧ್ಯವೇ ಇಲ್ಲ. ಮೆಕ್ಕೆಜೋಳ ಬೆಳೆಯುವವರು, ಟ್ರ್ಯಾಕ್ಟರ್ ದುರಸ್ತಿಯವರು, ಹೈಸ್ಕೂಲಿಗೇ ಓದು ಬಿಟ್ಟವರು ಅಲ್ಲಿರುತ್ತಾರೆ. ತೆರಿಗೆ ಕಟ್ಟಿ ಸಾಕಿದ ಸಂಸ್ಥೆಯನ್ನು ಅದರ ಗ್ರಂಥಾಲಯ ಕಾಣದವರೂ ‘ನಮ್ಮದು’ ಅನ್ನಲು ಇರುವ ಬಾಗಿಲು ಈ ತಂಡ. ಸಂಶೋಧನೆ ಬೆಳೆಯನ್ನು ತಲುಪುತ್ತದೆ, ವಿಸ್ತರಣೆ ಹೊಲವನ್ನು ತಲುಪುತ್ತದೆ, ವಿಶ್ವವಿದ್ಯಾಲಯ ಜನರ ಮಾತಿನೊಳಗೆ ಬರುವುದು ಮಾತ್ರ ಈ ನಾಲ್ಕನೆಯ ದಾರಿಯಿಂದ. ಇದು ನನ್ನ ತೀರ್ಮಾನ; ಸುತ್ತೋಲೆಗಳಲ್ಲಿ ಸಿಗುವಂಥದ್ದಲ್ಲ.

ಪರಸ್ಥಳಕ್ಕೆ ಹೋದಾಗ ಈ ನಾಲ್ಕನೆಯದರ ಬೆಲೆ ಹೆಚ್ಚುತ್ತದೆ. ಪಟಾನ್‌ಚೆರುವಿನಂಥ ಜಾಗಕ್ಕೆ ಕೆಲಸಕ್ಕೆಂದು ಬರುವ ವಿದೇಶಿ ವಿಜ್ಞಾನಿಯನ್ನು ಊಹಿಸಿಕೊಳ್ಳಿ. ಕ್ಯಾನ್ಸಸ್‌ನಲ್ಲಿ ಶನಿವಾರ ಮಧ್ಯಾಹ್ನ ಎರಡೂವರೆಗೆ ಶುರುವಾಗುವ ಪಂದ್ಯ ಇಲ್ಲಿಗೆ ಭಾನುವಾರ ಬೆಳಗಿನ ಜಾವ ಒಂದು ಗಂಟೆ. ಸಂಜೆಯ ಪಂದ್ಯವಾದರೆ ಕೋಳಿ ಕೂಗುವ ಹೊತ್ತು. ಆ ವೇಳೆಯಲ್ಲಿ ನಿದ್ದೆಗೆಟ್ಟು ಕೂರಲು ಇನ್ನೊಬ್ಬ ಸಿಕ್ಕರೆ ಅವನ ಹುದ್ದೆ, ಪಕ್ಷ, ಚರ್ಚು ಯಾವುದನ್ನೂ ವಿಚಾರಿಸಬೇಕಾಗಿಲ್ಲ. ಇಬ್ಬರಿಗೂ ಒಂದೇ ವರ್ಷದ ಒಂದೇ ಸೋಲು ನೆನಪಿರುತ್ತದೆ, ಆ ಸೋಲಿನ ದಿನ ತಾವೆಲ್ಲಿದ್ದೆವು ಎಂಬುದರಿಂದ ಊರು, ಬೀದಿ, ಅಪ್ಪ ಅಮ್ಮ ಎಲ್ಲ ಮಾತಿಗೆ ಬರುತ್ತವೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಇದನ್ನೊಂದು ಪದ್ಧತಿಯಾಗಿಯೇ ಮಾಡಿಕೊಂಡಿದ್ದಾರೆ. ಪ್ರತಿ ವರ್ಷ ಏಪ್ರಿಲ್ 21ರಂದು, ಲೋಕದ ಯಾವ ಮೂಲೆಯಲ್ಲಿ ಇಬ್ಬರೇ ಇದ್ದರೂ ಅವರು ಸೇರಬೇಕು, ಆ ವರ್ಷ ತೀರಿಕೊಂಡ ಸಹಪಾಠಿಗಳ ಹೆಸರು ಕೂಗಬೇಕು, ಬದುಕಿರುವವರು ಅವರ ಪರವಾಗಿ ಓಗೊಡಬೇಕು. 1942ರಲ್ಲಿ ಫಿಲಿಪ್ಪೀನ್ಸ್‌ನ ಕೊರೆಗಿಡಾರ್ ದ್ವೀಪದಲ್ಲಿ ಜಪಾನಿ ಸೇನೆಯ ಮುತ್ತಿಗೆಯ ನಡುವೆಯೂ ಇವರು ಈ ದಿನವನ್ನು ನೆನೆದದ್ದು ಆ ವಿಶ್ವವಿದ್ಯಾಲಯದ ಚರಿತ್ರೆಯ ಭಾಗ. 

ಈ ಬಂಧಕ್ಕೆ ಕಾರಣ ಆಟದ ಸೊಗಸು ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ವೃತ್ತಿಪರರ ಫುಟ್‌ಬಾಲ್ ಕಾಲೇಜಿನವರದಕ್ಕಿಂತ ಎಷ್ಟೋ ಮೇಲುಮಟ್ಟದ್ದು. ಕಾರಣ ಇನ್ನೂ ಸರಳ: ವಿಶ್ವವಿದ್ಯಾಲಯದ ತಂಡ ಊರು ಬಿಡುವುದಿಲ್ಲ. ಆಟಗಾರರು ನಾಲ್ಕು ವರ್ಷಕ್ಕೆ ಹೋಗುತ್ತಾರೆ, ತರಬೇತುದಾರರನ್ನು ಓಡಿಸುತ್ತಾರೆ, ಆದರೆ ಕ್ಯಾನ್ಸಸ್ ಸ್ಟೇಟನ್ನು ಕೊಂಡು ಫ್ಲಾರಿಡಾಕ್ಕೆ ಸಾಗಿಸಲು ಯಾರಿಗೂ ಆಗದು. ವೃತ್ತಿಪರ ತಂಡಗಳ ಕತೆ ಬೇರೆ. 1984ರ ಮಾರ್ಚ್ 29ರ ನಸುಕಿನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಮಾಲೀಕ ಲಾರಿಗಳಿಗೆ ಸಾಮಾನು ಹೇರಿ ತಂಡವನ್ನೇ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ಊರಿನವರಿಗೆ ತಿಳಿದದ್ದು ಬೆಳಗಾದ ಮೇಲೆ. ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಒಯ್ದರು. ಒಯ್ಯುವ ನಿರ್ಧಾರ ಹೊರಬಿದ್ದ ಹಿಂದಿನ ವರ್ಷವೇ ಅಭಿಮಾನಿಗಳು ಸಿಟ್ಟಿನಿಂದ ತಮ್ಮದೇ ಹೊಸ ಕ್ಲಬ್ ಕಟ್ಟಿಕೊಂಡು ಕೆಳಗಿನ ಲೀಗಿನಿಂದ ಆಡತೊಡಗಿದ್ದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಹೈದರಾಬಾದೇ ಸಾಕು. ಡೆಕ್ಕನ್ ಚಾರ್ಜರ್ಸ್ 2009ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಮ್ಮ ಬೆಂಗಳೂರು ತಂಡವನ್ನೇ 6 ರನ್ನಿನಿಂದ ಸೋಲಿಸಿ ಐಪಿಎಲ್ ಕಪ್ ಎತ್ತಿತು. 2012ರಲ್ಲಿ ಆ ಫ್ರಾಂಚೈಸಿಯೇ ರದ್ದಾಯಿತು. ಮರುವರ್ಷ ಬೇರೆ ಮಾಲೀಕರು, ಬೇರೆ ಹೆಸರು, ಬೇರೆ ಬಣ್ಣ. ಹೈದರಾಬಾದ್ ಎಫ್‌ಸಿ 2019ರಲ್ಲಿ ಹುಟ್ಟಿ, ಗಚ್ಚಿಬೌಲಿಯನ್ನು ತವರು ಮಾಡಿಕೊಂಡು, 2021–22ರ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. 2025ರಲ್ಲಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಪಟಾನ್‌ಚೆರುವಿನ ಕಾರ್ಖಾನೆಯ ಹುಡುಗನೊಬ್ಬ ಹಳದಿ ಅಂಗಿ ಕೊಂಡಿದ್ದರೆ ಅದು ಈಗ ಯಾವ ತಂಡದ್ದೂ ಅಲ್ಲ. ಇದರ ಹಿಂದೆ ಇನ್ನೂ ದೊಡ್ಡ ನಷ್ಟವೊಂದಿದೆ. 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಪೊಲೀಸ್ ಫುಟ್‌ಬಾಲ್ ತಂಡವನ್ನು ರೂಪಿಸಿದವರು ಸೈಯದ್ ಅಬ್ದುಲ್ ರಹೀಮ್. ಭಾರತಕ್ಕೆ ಸಿಕ್ಕ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನ, ಎರಡೂ ಅವರ ತರಬೇತಿಯ ಫಲ. ಆ ರಹೀಮ್ ಆಟಗಾರರಾಗಿ ಬೆಳೆದದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಮತ್ತು ನಗರದ ಸಿಟಿ ಕಾಲೇಜಿನ ಹಾಲಿ ಹಾಗೂ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದ ಕ್ಲಬ್ಬಿನಲ್ಲಿ. ಕಾಲೇಜು ತಂಡಕ್ಕೆ ಬೇಕಾದ ಬೀಜ ಈ ಊರಿನಲ್ಲಿ ಬಿದ್ದಿತ್ತು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ತನಕ ಇದೇ ಹೈದರಾಬಾದ್ ರಾಜ್ಯದೊಳಗೆ ಇದ್ದದ್ದರಿಂದ ಅದು ಕನ್ನಡಿಗರದ್ದೂ ಆಗಿತ್ತು ಎನ್ನಲು ಅಡ್ಡಿಯಿಲ್ಲ.

ಈಗ ಪಟಾನ್‌ಚೆರುವಿನ ಕನ್ನಡಿಗರ ವಿಷಯಕ್ಕೆ ಬರೋಣ. ಇದು ಅವರಿಗೆ ಪರದೇಶವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ್ದೇ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ, ದೇವರ ದಾಸಿಮಯ್ಯ ಮತ್ತು ಸುಗ್ಗಲೆಯ ಕತೆಯಲ್ಲಿ ಕೇಳಿಬರುವ ಪೊಟ್ಟಲಕೆರೆಯನ್ನು ವಿದ್ವಾಂಸರು ಈ ಊರಿನೊಂದಿಗೇ ಗುರುತಿಸುತ್ತಾರೆ. ಬೀದರಿನಿಂದ ಬರುವ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದ್ ಮುಟ್ಟುವ ಮೊದಲು ಇಲ್ಲಿ ನಿಲ್ಲುತ್ತದೆ. ಆದರೂ ಭಾಷೆ, ಶಾಲೆ, ಅಂಗಡಿಯ ಬೋರ್ಡು, ವೋಟು ಎಲ್ಲ ತೆಲುಗಿನವು. ದುಡಿಯಲು ಬಂದವನಿಗೆ ಅಷ್ಟು ಸಾಕು ಹೊರಗಿನವನಾಗಲು. ಔಷಧ ಕಾರ್ಖಾನೆಗಳು, ಪಕ್ಕದ ರಾಮಚಂದ್ರಾಪುರದ ಬಿಎಚ್‌ಇಎಲ್, ಕಂದಿಯ ಐಐಟಿ, ಆಚೆ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಚೇರಿಗಳು: ಇಲ್ಲಿ ಸೇರುವ ಕನ್ನಡಿಗರಲ್ಲಿ ಹುಮನಾಬಾದಿನವರೂ ಇದ್ದಾರೆ, ಹಾಸನದವರೂ ಇದ್ದಾರೆ. ಇವರನ್ನು ಒಂದೆಡೆ ತರುವ ಹಳೆಯ ಸಂಸ್ಥೆಗಳು, ಅಂದರೆ ಕರ್ನಾಟಕ ಸಾಹಿತ್ಯ ಮಂದಿರ, ಕಾಚಿಗುಡದ ನೃಪತುಂಗ ಶಾಲೆಯಂಥವು, ದೊಡ್ಡ ಕೆಲಸ ಮಾಡಿವೆ. ಆದರೆ ಅವಿರುವುದು ನಗರದ ಇನ್ನೊಂದು ತುದಿಯಲ್ಲಿ, ಅಲ್ಲಿಗೆ ಹೋಗಲು ಕಾರ್ಯಕ್ರಮವೊಂದು ಇರಬೇಕು, ಹೋದವರಿಗೆ ಸಾಹಿತ್ಯದಲ್ಲೋ ನಾಟಕದಲ್ಲೋ ಒಂದಿಷ್ಟು ಒಲವಿರಬೇಕು. ಕಾರ್ಖಾನೆಯ ಪಾಳಿ ಮುಗಿಸಿ ಬಂದವನಿಗೆ ಬೇಕಾದ್ದು ಇನ್ನೂ ಹಗುರವಾದ ನೆಪ.

ಆ ನೆಪವನ್ನು ಕೊಟ್ಟಿರುವುದು ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿ. ಚಹಾ ಅಂಗಡಿಯ ಟಿವಿಯ ಮುಂದೆ ‘ಈ ಸಲ ಕಪ್ ನಮ್ದೇ’ ಎಂದು ಒಬ್ಬ ಅಂದರೆ ಇನ್ನೊಬ್ಬ ತಿರುಗಿ ನೋಡುತ್ತಾನೆ, ಊರು ಯಾವುದು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಈ ಕೆಲಸವನ್ನು ಹಗುರವಾಗಿ ಕಾಣುವುದು ತಪ್ಪು. ಹದಿನೇಳು ವರ್ಷ ಕಪ್ಪಿಲ್ಲದೆ ಕಾದ ತಂಡ, ಒಟ್ಟಿಗೆ ನಗೆಪಾಟಲಿಗೀಡಾದ ನೆನಪು, 2016ರಲ್ಲಿ ಹೈದರಾಬಾದಿನ ಎದುರು ತವರಿನಲ್ಲೇ 8 ರನ್ನಿನಿಂದ ಕೈತಪ್ಪಿದ ಫೈನಲ್: ಇವು ಗೆಲುವಿಗಿಂತ ಗಟ್ಟಿಯಾದ ಅಂಟು. 2023ರ ಮೇ 18ರಂದು ಹೈದರಾಬಾದಿನ ಉಪ್ಪಲ್‌ನಲ್ಲಿ ಆತಿಥೇಯರ ಹೆನ್ರಿಕ್ ಕ್ಲಾಸೆನ್ ಶತಕ ಹೊಡೆದದ್ದಕ್ಕಿಂತ ವಿರಾಟ್ ಕೊಹ್ಲಿಯ ಶತಕಕ್ಕೆ ದೊಡ್ಡ ಕೂಗೆದ್ದಿತು. ಆ ಕೂಗಿನಲ್ಲಿ ಬೆಂಗಳೂರಿನ ಪಾಲೆಷ್ಟು, ಕೊಹ್ಲಿಯ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ. ತೊಡಕಿರುವುದು ಅಲ್ಲೇ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಕೊನೆಗೂ ‘ನಮ್ದೇ’ ಆದಾಗ ಗೆದ್ದ ತಂಡದಲ್ಲಿ ಆಡಿದ ಕರ್ನಾಟಕದವರು ಮಯಂಕ್ ಅಗರ್ವಾಲ್ ಒಬ್ಬರೇ. ಸೋತ ಪಂಜಾಬ್ ತಂಡದಲ್ಲೂ ಒಬ್ಬ ಕನ್ನಡಿಗ ಇದ್ದರು, ವೈಶಾಖ್ ವಿಜಯ್‌ಕುಮಾರ್. ಹನ್ನೊಂದು ವರ್ಷ ಹೈದರಾಬಾದಿನ ಕಿತ್ತಳೆ ತೊಟ್ಟಿದ್ದ ಭುವನೇಶ್ವರ್ ಕುಮಾರ್ ಅಂದು ನಮ್ಮ ಕೆಂಪಿನಲ್ಲಿದ್ದರು. ಆ ವರ್ಷದ ನವೆಂಬರಿನಲ್ಲಿ ಮಾಲೀಕ ಕಂಪನಿ ಈ ತಂಡದಲ್ಲಿನ ತನ್ನ ಹೂಡಿಕೆಯನ್ನು ಮುಂದುವರಿಸಬೇಕೇ ಎಂಬ ಪರಿಶೀಲನೆಗೆ ಕೈಹಾಕಿದ್ದಾಗಿ ಪ್ರಕಟಿಸಿತು. ಒಂದು ವಿಸ್ಕಿಯ ಹೆಸರಿನಿಂದ ಹುಟ್ಟಿದ ತಂಡ ನಾಳೆ ಯಾರದಾದರೂ ಆಗಬಹುದು, ಅಭಿಮಾನಿಯ ಸಹಿ ಎಲ್ಲಿಯೂ ಬೇಕಾಗಿಲ್ಲ.

ಮಾಲೀಕರು ಯಾರಾದರೇನು, ಜನ ಸೇರಿದರೆ ಸಾಲದೇ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಇದು ಬಲವಾದ ಆಕ್ಷೇಪ. ಜಾತ್ರೆಗೆ ಬಂದವರು ರಥ ಮಾಡಿಸಿದವರು ಯಾರು ಎಂದು ಕೇಳುವುದಿಲ್ಲ. ಆದರೆ ಸೇರುವುದು ಬೇರೆ, ಸೇರಿದ್ದು ಉಳಿಯುವುದು ಬೇರೆ. ವಿಶ್ವವಿದ್ಯಾಲಯದ ತಂಡದ ಸುತ್ತ ಸೇರುವವರಿಗೆ ತಂಡದ ಹಿಂದೆ ಒಂದು ಸಂಸ್ಥೆ ಇರುತ್ತದೆ. ಅಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ, ವಿದ್ಯಾರ್ಥಿವೇತನದ ನಿಧಿ, ಆಡಳಿತ ಮಂಡಳಿಯಲ್ಲಿ ಸ್ಥಾನ ಇರುತ್ತವೆ. ಪರವೂರಿನ ಭೇಟಿ ಅಲ್ಲಿಂದ ಮುಂದೆ ಹೋಗಬಲ್ಲದು: ಹೊಸದಾಗಿ ಬಂದವನಿಗೆ ಕೆಲಸ, ಮನೆ, ಆಸ್ಪತ್ರೆಯ ಪರಿಚಯ, ಊರಿನ ಬಡ ಹುಡುಗಿಯೊಬ್ಬಳ ಫೀಸು. ಫ್ರಾಂಚೈಸಿಯ ಅಭಿಮಾನಿಗೆ ಇರುವುದು ಟಿಕೆಟು ಮತ್ತು ಅಂಗಿ. ಋತು ಮುಗಿದ ಮೇಲೆ ಹತ್ತು ತಿಂಗಳು ಅವನ ಸಂಘಕ್ಕೆ ಕೆಲಸವಿಲ್ಲ. ಇನ್ನೊಂದು ಮಾತು: ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಭಿಮಾನ ಎಂದರೇ ಹುಚ್ಚು, ಅದನ್ನು ಕಾಲೇಜುಗಳಿಗೂ ಏಕೆ ಹಚ್ಚುತ್ತೀರಿ ಎಂದು ಆ ದಿನವನ್ನು ನೆನೆದು ಕೇಳುವವರಿದ್ದಾರೆ. ನನಗೆ ಅದು ತಿರುಗಾಮುರುಗಾ ಕಾಣುತ್ತದೆ. ಇಡೀ ರಾಜ್ಯದ ‘ನಮ್ಮದು’ ಎಂಬ ಹಸಿವನ್ನು ಒಂದೇ ತಂಡದ, ಒಂದೇ ಮೈದಾನದ, ಒಂದೇ ಸಂಜೆಯ ಮೇಲೆ ಹೇರಿದರೆ ಆ ಬಾಗಿಲುಗಳು ತಡೆಯಲಾರವು. ಹಸಿವು ಹತ್ತು ಊರುಗಳಲ್ಲಿ ಹಂಚಿಹೋಗಬೇಕು.

ಅಮೆರಿಕದ ಕಾಲೇಜು ಫುಟ್‌ಬಾಲನ್ನು ನಾನು ದೇವರ ಪಟದಂತೆ ಎತ್ತಿ ಹಿಡಿಯುತ್ತಿಲ್ಲ. ಅದು ಈಗ ಭಾರಿ ವ್ಯಾಪಾರ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಪಡೆಯುವವನು ಫುಟ್‌ಬಾಲ್ ತರಬೇತುದಾರ, ರಾಜ್ಯಪಾಲನಲ್ಲ. ದಶಕಗಳ ಕಾಲ ಆಟಗಾರರಿಗೆ ಸಂಬಳವೆಂದು ಬಿಡಿಗಾಸು ಕೊಡದೆ ವಿಶ್ವವಿದ್ಯಾಲಯಗಳು ಹಣ ಗಳಿಸಿದವು. 2021ರ ನಂತರ ಆಟಗಾರರಿಗೆ ತಮ್ಮ ಹೆಸರಿನಿಂದ ಗಳಿಸಲು ಅವಕಾಶ ಸಿಕ್ಕಿತು, 2025ರ ಒಪ್ಪಂದವೊಂದರ ಪ್ರಕಾರ ಈಗ ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಅವರಿಗೆ ಹಂಚಬಹುದು. ಟಿವಿ ಹಣದ ಹಿಂದೆ ಓಡಿ, ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ 2024ರಲ್ಲಿ ಅಟ್ಲಾಂಟಿಕ್ ದಡದವರ ಲೀಗು ಸೇರಿದೆ. ಭೂಗೋಳ ಕಲಿಸುವವರೇ ಹೀಗೆ ಮಾಡಿದರೆ ಏನು ಹೇಳುವುದು. ತಲೆಗೆ ಪದೇ ಪದೇ ಬೀಳುವ ಪೆಟ್ಟು ಮಿದುಳಿಗೆ ಮಾಡುವ ಹಾನಿ ವೈದ್ಯರು ದಾಖಲಿಸಿರುವ ಸತ್ಯ. ಇಷ್ಟೆಲ್ಲ ಕೆಟ್ಟರೂ ಒಂದು ಕೆಟ್ಟಿಲ್ಲ: ಲೀಗು ಬದಲಾದರೂ ಸ್ಟ್ಯಾನ್‌ಫರ್ಡಿನ ಮೈದಾನ ಸ್ಟ್ಯಾನ್‌ಫರ್ಡಿನಲ್ಲೇ ಇದೆ. ನಮಗೆ ಬೇಕಾದ್ದು ಆ ವಿಳಾಸವಷ್ಟೇ. ಹೆಲ್ಮೆಟ್ಟು, ಕೋಟಿ ಡಾಲರು, ಲಕ್ಷ ಆಸನದ ಕ್ರೀಡಾಂಗಣ ಯಾವುದೂ ಬೇಡ.

ಹಾಗಾದರೆ ನಮ್ಮಲ್ಲಿ ಏಕೆ ಇಲ್ಲ? ಮಕ್ಕಳು ಓದಬೇಕು, ಆಟ ಶ್ರೀಮಂತ ದೇಶದ ಶೋಕಿ ಎಂಬ ಉತ್ತರ ತಟ್ಟನೆ ಬರುತ್ತದೆ. ಅದು ಪೂರಾ ನಿಜವಲ್ಲ. ನಮ್ಮ ವಿದ್ಯಾರ್ಥಿಗಳು ಆಡುತ್ತಾರೆ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ 1935ರಿಂದ ಇದೆ, ಫುಟ್‌ಬಾಲಿಗೆ ಅಶುತೋಷ್ ಮುಖರ್ಜಿ ಟ್ರೋಫಿ ಇದೆ, ಕೃಷಿ ವಿಶ್ವವಿದ್ಯಾಲಯಗಳ ನಡುವೆ ಪ್ರತ್ಯೇಕ ಅಖಿಲ ಭಾರತ ಕ್ರೀಡಾಕೂಟವೇ ನಡೆಯುತ್ತದೆ. ಪ್ರಸನ್ನ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಲು ಟೆಸ್ಟ್ ಕ್ರಿಕೆಟ್ಟನ್ನೇ ಕೆಲವು ವರ್ಷ ಬಿಟ್ಟಿದ್ದರು. ಶ್ರೀನಾಥ್ ಎಸ್‌ಜೆಸಿಇಯವರು, ಕುಂಬ್ಳೆ ಆರ್‌ವಿ ಕಾಲೇಜಿನವರು. ಇಂಥ ಆಟಗಾರರಿದ್ದೂ ಆ ಕಾಲೇಜುಗಳ ಹೆಸರು ಜೀವನಚರಿತ್ರೆಯ ಎರಡನೆಯ ಪುಟದಲ್ಲಿ ಒಮ್ಮೆ ಬಂದು ಮಾಯವಾಗುತ್ತದೆ. ನಿಜವಾದ ಕಾರಣ ನಮ್ಮ ವಿಶ್ವವಿದ್ಯಾಲಯದ ರಚನೆಯಲ್ಲಿದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಎಂದರೆ ಬಹುಪಾಲು ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿ. ವಿದ್ಯಾರ್ಥಿ ಕೂತು ಓದುವುದು ಅದಕ್ಕೆ ಸಂಯೋಜಿತವಾದ ಕಾಲೇಜಿನಲ್ಲಿ. ಕಾಲೇಜಿನ ಮೇಲೆ ಪ್ರೀತಿಯಿರುತ್ತದೆ, ಆದರೆ ಅದು ಪುಟ್ಟದು. ವಿಶ್ವವಿದ್ಯಾಲಯ ದೊಡ್ಡದು, ಆದರೆ ಅದರ ಮೇಲೆ ಪ್ರೀತಿ ಹುಟ್ಟಲು ಕಾರಣವಿಲ್ಲ. 1998ರಿಂದ ರಾಜ್ಯದ ಎಂಜಿನಿಯರುಗಳಲ್ಲಿ ಬಹುಪಾಲು ಜನರ ಪದವಿಪತ್ರದ ಮೇಲೆ ಬೆಳಗಾವಿಯ ವಿಟಿಯು ಹೆಸರಿದೆ. ಗಚ್ಚಿಬೌಲಿಯಲ್ಲಿ ಇಬ್ಬರು ವಿಟಿಯು ಪದವೀಧರರು ಎದುರಾದರೆ ಹಂಚಿಕೊಳ್ಳಲು ಇರುವುದು ಮರುಮೌಲ್ಯಮಾಪನದ ಕಷ್ಟ ಒಂದೇ. ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನೂ ನಾವು ನೋಡುಗರಿಗಾಗಿ ನಡೆಸುವುದಿಲ್ಲ. ಯಾವುದೋ ಒಂದು ಆವರಣದಲ್ಲಿ, ವಾರದ ನಡುವೆ, ಬಿಸಿಲಿನಲ್ಲಿ, ಒಂದೇ ವಾರದೊಳಗೆ ವಲಯದ ಪಂದ್ಯಗಳನ್ನೆಲ್ಲ ಮುಗಿಸಿ ವರದಿ ಕಳಿಸುತ್ತೇವೆ. ತವರು ಪಂದ್ಯ ಎಂಬುದೇ ಇಲ್ಲದ ಮೇಲೆ ತವರಿನ ಅಭಿಮಾನ ಎಲ್ಲಿಂದ ಬರಬೇಕು.

ಕೃಷಿ ವಿಶ್ವವಿದ್ಯಾಲಯಗಳು ಮಾತ್ರ ಈ ರೋಗದಿಂದ ಹೊರಗಿವೆ. ಅಮೆರಿಕದ ಮಾದರಿಯಂತೆ ಕಟ್ಟಿದ್ದರಿಂದ ಅವಕ್ಕೆ ಸ್ವಂತ ಆವರಣ, ಸ್ವಂತ ವಿದ್ಯಾರ್ಥಿಗಳು, ಒಂದಿಡೀ ಸೀಮೆಯ ರೈತರ ಹೊಣೆ ಇದೆ. ರೈತರೂ ಅವುಗಳನ್ನು ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷಿ ಕೃಷಿಮೇಳ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕಾಗಲಿ ಧಾರವಾಡಕ್ಕಾಗಲಿ ಮೇಳದ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಹಾಗಿದ್ದರೆ ನಾಲ್ಕನೆಯ ಅಂಗ ಇದ್ದೇ ಇದೆಯಲ್ಲ, ಆಟ ಏಕೆ ಎಂದರೆ ಉತ್ತರ ಇಷ್ಟು: ಮೇಳ ಊರಲ್ಲಿರುವ ಅಪ್ಪನನ್ನು ಕರೆಯುತ್ತದೆ, ಪಟಾನ್‌ಚೆರುವಿನಲ್ಲಿರುವ ಮಗನನ್ನು ಕರೆಯುವುದಿಲ್ಲ. ಬಿತ್ತನೆ ಬೀಜದ ಹೊಸ ತಳಿ ನೋಡಲು ಅವನಿಗೆ ಹೊಲವಿಲ್ಲ. ಅವನು ದೂರದಿಂದಲೇ ಹಿಂಬಾಲಿಸಬಹುದಾದ್ದು, ಗೆದ್ದರೆ ಹೇಳಿಕೊಳ್ಳಬಹುದಾದ್ದು, ಸೋತರೆ ಇನ್ನೊಬ್ಬನ ಜೊತೆ ಬೈದುಕೊಳ್ಳಬಹುದಾದ್ದು ಏನಾದರೂ ಬೇಕು. ಊರು ಬಿಡದ ತಂಡವೊಂದು ನಮಗೆ ಈಗಲೂ ಇದೆ ಎಂದು ಕೆಲವರು ನೆನಪಿಸುತ್ತಾರೆ: ರಾಜ್ಯ ತಂಡ. 2023ರ ಮಾರ್ಚ್ 4ರಂದು ಕರ್ನಾಟಕ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದಿತು; ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಇದೇ ಮೊದಲು, 54 ವರ್ಷದ ನಂತರ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಮೇಘಾಲಯದ ವಿರುದ್ಧ 3–2. ಕೊಲ್ಲಿಯಲ್ಲಿ ಕರಾವಳಿಯ ಕನ್ನಡಿಗರು ಎಷ್ಟಿದ್ದಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಗೆಲುವು ನಮ್ಮ ಮಾತಿನೊಳಗೆ ಬರಲಿಲ್ಲ. ಕಾರಣ, ವಿಳಾಸವಷ್ಟೇ ಇದ್ದರೆ ಸಾಲದು, ವರ್ಷವರ್ಷ ಅದೇ ತಿಂಗಳು ಅದೇ ಎದುರಾಳಿ ಬರುವ ಲಯವೂ ಬೇಕು. ಫಾರ್ಮಗೆಡನ್ನಿನ ಗುಟ್ಟು ಅದೇ: ಪಂದ್ಯ ದಶಕಗಳ ಕಾಲ ತಪ್ಪದೆ ಬಂದಿತು, ಆದ್ದರಿಂದ ಜನ ಅದರ ಸುತ್ತ ರಜೆ ಹೊಂದಿಸಿಕೊಂಡರು.

ಹಾಗಾಗಿ ಸಲಹೆ ಚಿಕ್ಕದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಈಗ ಪ್ರೊಫೆಸರ್ ಜಯಶಂಕರ್ ಅವರ ಹೆಸರು ಹೊತ್ತಿರುವ ರಾಜೇಂದ್ರನಗರದ ವಿಶ್ವವಿದ್ಯಾಲಯ, ಎರಡೂ ಒಂದು ಕಾಲದ ಒಂದೇ ರಾಜ್ಯದ ನೆಲದಲ್ಲಿವೆ, ಎರಡರದ್ದೂ ತೊಗರಿ–ಜೋಳದ ಸೀಮೆ. ಇವೆರಡು ವರ್ಷಕ್ಕೊಮ್ಮೆ ಆಡಲಿ, ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ದಿನ ಎಳ್ಳಮಾವಾಸ್ಯೆಯ ನಂತರದ ಭಾನುವಾರ: ಚರಗ ಚೆಲ್ಲಲು ಹೈದರಾಬಾದಿನಿಂದ ಬೀದರ್, ಕಲಬುರಗಿ ಕಡೆ ಹೋದವರು ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಸಿಕೊಂಡು ಮರಳುವ ಹೊತ್ತು. ಪಂದ್ಯ ಫುಟ್‌ಬಾಲೇ ಆಗಬೇಕೆಂಬ ಹಟವಿಲ್ಲ, ಕಬಡ್ಡಿಯಾದರೆ ಇನ್ನೂ ಒಳ್ಳೆಯದು. ಎರಡೂ ಕಡೆಯ ಹಳ್ಳಿಗಳಿಗೆ ನಿಯಮ ವಿವರಿಸಬೇಕಾಗಿಲ್ಲ, ಅಂಕಣಕ್ಕೆ ಬೇಕಾದ್ದು 13 ಮೀಟರಿಗೆ 10 ಮೀಟರು ಜಾಗ. ಕನ್ನಡ–ತೆಲುಗು ಜಗಳಕ್ಕೆ ಇದು ದಾರಿ ಮಾಡದೇ ಎಂಬ ಹೆದರಿಕೆಗೆ, ಎರಡೂ ತಂಡದಲ್ಲಿ ಎರಡೂ ಭಾಷೆ ಬಲ್ಲ ಹುಡುಗರು ಇರುತ್ತಾರೆ ಎಂಬುದೇ ಸಮಾಧಾನ. ಗಡಿಯ ಜನ ಯಾವ ಭಾಷೆಯಲ್ಲಿ ಬೈದರೂ ಇಬ್ಬರಿಗೂ ಅರ್ಥವಾಗುತ್ತದೆ. ಖರ್ಚು ಎರಡು ಬಸ್ಸು, ಒಂದು ಮ್ಯಾಟು, ಒಂದಿಷ್ಟು ದೀಪ. ಮೊದಲ ವರ್ಷ ಇನ್ನೂರು ಜನ ಬಂದರೆ ಬೇಸರ ಪಡಬೇಕಾಗಿಲ್ಲ. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ, 1869ರ ನವೆಂಬರ್ 6ರಂದು ರಟ್ಜರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದದ್ದು, ನೋಡಲು ಸೇರಿದ್ದವರು ನೂರು ಜನರ ಆಸುಪಾಸು.